ಅಮ್ಮನ ಹೆಸರಿನ ದತ್ತಿ: ಚಿನ್ನದ ಪದಕಕ್ಕೋ, ಮೆಸ್ ಬಿಲ್ಲಿಗೋ?

ಸಾಗರದವಳು ಕೇಳಿದ್ದು:

ನಮ್ಮ ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವರು. ಹೋದ ವರ್ಷ ತೀರಿಕೊಂಡರು. ಅವರ ಖಾತೆಯಲ್ಲಿ ಉಳಿದ ಹಣದಲ್ಲಿ ಆರು ಲಕ್ಷವನ್ನು ಅವರು ಎಂ.ಎ. ಓದಿದ ವಿಶ್ವವಿದ್ಯಾಲಯದಲ್ಲಿ ದತ್ತಿನಿಧಿಯಾಗಿ ಇಡೋಣ ಎಂದು ನಾನು, ನನ್ನ ತಮ್ಮ ಇಬ್ಬರೂ ತೀರ್ಮಾನ ಮಾಡಿದ್ದೇವೆ. ಯಾವುದಕ್ಕೆ ಇಡಬೇಕು ಎನ್ನುವಲ್ಲಿ ಮಾತ್ರ ಹೊಂದಾಣಿಕೆ ಆಗಿಲ್ಲ.

ತಮ್ಮನಿಗೆ ಚಿನ್ನದ ಪದಕ ಇಡಬೇಕೆಂಬ ಆಸೆ. ಪ್ರತಿ ವರ್ಷ ಘಟಿಕೋತ್ಸವದಲ್ಲಿ ಅಮ್ಮನ ಹೆಸರು ಹೇಳಿ ಪದಕ ಕೊಡುತ್ತಾರೆ, ಆ ಹೆಸರು ಅಲ್ಲಿ ಉಳಿಯುತ್ತದೆ ಎನ್ನುತ್ತಾನೆ. ಅವನ ಆಸೆಯನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಆದರೆ ನನ್ನ ತಲೆಯಲ್ಲಿ ಉಳಿದಿರುವುದೇ ಬೇರೆ. ಅಮ್ಮ ಓದುವಾಗ ಒಂದು ಸಲ ಪರೀಕ್ಷೆ ಫೀಸಿಗೆ ದುಡ್ಡಿಲ್ಲದೆ, ಅಜ್ಜಿ ಬೇರೆಯವರ ಮನೆಯ ಅಡಿಕೆ ಸುಲಿದು ಕೂಡಿಸಿ ಕಳಿಸಿದ್ದರಂತೆ. ಅಡಿಕೆ ಚೊಗರಿನಿಂದ ಅಜ್ಜಿಯ ಬೆರಳು ಕಪ್ಪಾಗಿದ್ದನ್ನು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು. ಅಂಥ ಮಕ್ಕಳ ಫೀಸಿಗೋ ಊಟಕ್ಕೋ ಈ ದುಡ್ಡು ಹೋಗಲಿ ಅಂತ ನನಗೆ.

ದತ್ತಿ ಇಟ್ಟವರು, ಅದರಿಂದ ಓದಿದವರು, ಕಾಲೇಜು ಆಫೀಸಿನಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಆರು ಲಕ್ಷದಲ್ಲಿ ನಿಜಕ್ಕೂ ಏನಾಗುತ್ತದೆ?

ಧಾರವಾಡದ ನಿವೃತ್ತ ಗುಮಾಸ್ತ:

ಅಕ್ಕಾವ್ರ, ನಾ ಕಾಲೇಜು ಆಫೀಸಿನ ಸ್ಕಾಲರ್‌ಶಿಪ್ ಟೇಬಲ್ಲಿನ್ಯಾಗ ಕುಂತು ನೌಕರಿ ಮುಗಿಸಿದಾಂವ. ದತ್ತಿ ಲೆಜರ್ ನನ್ನ ಕಡೆನ ಇರತಿತ್ತು. ಹಿಂಗಾಗಿ ನಿಮ್ಮ ತಮ್ಮಗ ಮೊದಲ ಲೆಕ್ಕ ತೋರಿಸ್ರಿ. ದತ್ತಿಯ ಅಸಲು ಮುಟ್ಟೂದಿಲ್ಲ, ವರ್ಷದ ಬಡ್ಡಿಯೊಳಗ ಪದಕ ಮಾಡಸ್ತಾರ.

1990ರ ಸುಮಾರಿಗೆ ಬಂಗಾರ ಹತ್ತು ಗ್ರಾಮಿಗೆ ಮೂರು ಸಾವಿರ ಚಿಲ್ಲರೆ ಇತ್ತು. ಬ್ಯಾಂಕಿನ ಠೇವಣಿಗೆ ನೂರಕ್ಕ ಹತ್ತು ಬಡ್ಡಿ ಬರತಿತ್ತು. ಆಗ ಯಾರರ 25,000 ರೂಪಾಯಿ ಇಟ್ಟಿದ್ರ ವರ್ಷಕ್ಕ 2,500 ಬಡ್ಡಿ, ಹತ್ರ ಹತ್ರ ಎಂಟು ಗ್ರಾಮಿನ ಪದಕ. ಇವತ್ತು ಅದ 25,000ಕ್ಕ ಏಳರಂಗ ಹಿಡಿದ್ರ ವರ್ಷಕ್ಕ 1,750. ಬಂಗಾರ ಹತ್ತು ಗ್ರಾಮಿಗೆ ಲಕ್ಷ ದಾಟೇದ. ಒಂದೂವರಿ ಗುಲಗಂಜಿ ತೂಕದ್ದೂ ಬರೂದಿಲ್ಲ. ಅದಕ್ಕ ಎಷ್ಟೋ ಕಡೆ ಬೆಳ್ಳಿ ಪದಕಕ್ಕ ಬಂಗಾರದ ನೀರು ಹಾಕಿಸಿ ಕೊಡತಾರ. ಇದರಾಗ ಯಾರದೂ ತಪ್ಪಿಲ್ಲ. ಬಡ್ಡಿ ಇಳೀತು, ಬಂಗಾರ ಏರತು. ನಿಮ್ಮ ಆರು ಲಕ್ಷದ್ದೂ ಮುಂದ ಹಂಗ ಆಗೂದ.

ಇನ್ನೊಂದು ಮಾತು. ಪದಕ ಕೈಗೆ ಬರೂ ಹೊತ್ತಿಗೆ ಆ ಹುಡುಗಿ ಓದು ಮುಗಿಸಿರತಾಳ. ಅದೂ ಮೊದಲನೇ ರ್‍ಯಾಂಕಿನಾಕಿಗೆ ಅದಕ್ಕಿಂತ ಮೊದಲ ನಾಲ್ಕಾರು ಪದಕ ಬಂದಿರತಾವ. ರೊಕ್ಕ ಬೇಕಾಗೂದು ನಡುವ, ಓದು ನಿಲ್ಲತೈತೋ ಏನೋ ಅನ್ನೂ ಹೊತ್ತಿನ್ಯಾಗ.

ಪರೀಕ್ಷಾ ಫೀ ಕಟ್ಟೂ ದಿನದಾಗ ಕಿಡಕಿ ಮುಂದ ಬಂದು "ಸರ್, ದಂಡ ಇಲ್ಲದ ಕಡೀ ದಿನಾ ಯಾವತ್ರೀ?" ಅಂತ ಕೇಳೂ ಹುಡುಗೂರು ಇರತಾರ. ಒಮ್ಮೆ ಕೇಳಿ ಹೋದಾಂವ ಮರುದಿನ ಬಂದು ಅದನ್ನ ಮತ್ತ ಕೇಳಿದ್ನಂದ್ರ ಮನ್ಯಾಗ ರೊಕ್ಕ ಹೊಂದಿಲ್ಲ ಅಂತ ತಿಳಕೋಬೇಕು. ಸಹಾಯಧನಕ್ಕ ಅರ್ಜಿ ಬರೀಪಾ ಅಂದ್ರ ಬರಿಯೂದಿಲ್ಲ, ನಾಚಿಕಿ. ಸರ್ಕಾರದ ವಿದ್ಯಾರ್ಥಿವೇತನ ಬರತಾವ, ಇಲ್ಲ ಅನ್ನೂದಿಲ್ಲ. ಆದ್ರ ಫೀ ಕಟ್ಟೂ ತಾರೀಖಿಗೂ ಅದು ಖಾತೆಕ್ಕ ಬೀಳೂ ತಾರೀಖಿಗೂ ಭಾಳ ಅಂತರ. ಆ ಅಂತರದಾಗ ಓದು ಬಿಟ್ಟವರನ್ನ ನೋಡೇನಿ.

ಊಟದ್ದೂ ಹೇಳತೇನಿ. ನಮ್ಮಲ್ಲಿ ಹಳ್ಳಿ ಬಸ್ಸಿನಾಗ ಬುತ್ತಿ ಬರತಾವ. ಅರಿವ್ಯಾಗ ಕಟ್ಟಿದ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಸಣ್ಣ ಡಬ್ಬ್ಯಾಗ ಪಲ್ಯಾ. ಅವ್ವ ನಸುಕಿನ್ಯಾಗ ಎದ್ದು ರೊಟ್ಟಿ ಬಡದು ಕಂಡಕ್ಟರ್ ಕಡೆ ಕೊಟ್ಟಿರತಾಳ, ಮಗ ಸ್ಟ್ಯಾಂಡಿಗೆ ಬಂದು ತನ್ನ ಗಂಟು ಹುಡುಕಿ ಒಯ್ಯತಾನ. ಒಂದು ಗಂಟನ್ನ ಇಬ್ಬರು ಹಂಚಿಕೊಂಡು ಎರಡು ಹೊತ್ತು ಮಾಡೂದು ಕಂಡೇನಿ. ಅಂಥಾವಂಗ ಖಾನಾವಳಿಯ ಒಂದು ತಿಂಗಳ ಪಾಸು ಎಷ್ಟು ದೊಡ್ಡದು ಅಂತ ನಿಮ್ಮ ತಾಯಿಯವರಿಗೆ ತಿಳೀತಿತ್ತು.

ನಮ್ಮ ಕಡೆ ವಿದ್ಯಾದಾನ ಅಂದ್ರ ಮೊದಲ ನೆನಪಾಗೂದು ಸಿರಸಂಗಿ ಲಿಂಗರಾಜರು. 1906ರಾಗ ತೀರಿಕೊಂಡ್ರು. ತಮ್ಮ ಆಸ್ತಿ ಹುಡುಗೂರ ವಿದ್ಯಾಕ್ಕ ಹೋಗಲಿ ಅಂತ ಮೃತ್ಯುಪತ್ರ ಬರದಿಟ್ಟಿದ್ರು. ಹೆಸರು ಉಳೀತೋ ಇಲ್ಲೋ ಅಂತ ತಮ್ಮನ್ನ ಕೇಳ್ರಿ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಾಗ, ಅಂದ್ರ ಮಠದ ಹಾಸ್ಟೆಲಿನ್ಯಾಗ, ಇದ್ದು ಓದಿದ ಹಿರಿಯರನ್ನ ಮಾತಾಡ್ಸಿದ್ರೂ ಅವರು ಮೊದಲ ತಗಿಯೂದು ಊಟದ ಮಾತ.

ಕುಂದಾಪುರದ ಕಡೆಯವಳು:

ಅಕ್ಕ, ನಾನು ದಾನಿಗಳ ನೆರವಿನಿಂದಲೇ ಬಿ.ಎಸ್ಸಿ. ಮುಗಿಸಿದವಳು. ಉಡುಪಿಯ ಯಕ್ಷಗಾನ ಕಲಾರಂಗದವರ 'ವಿದ್ಯಾಪೋಷಕ್' ಅಂತ ಇದೆ. 1975ರಲ್ಲಿ ಯಕ್ಷಗಾನಕ್ಕೆಂದು ಹುಟ್ಟಿದ ಸಂಸ್ಥೆ, ಆಮೇಲೆ ಬಡ ಮಕ್ಕಳ ಓದನ್ನೂ ಕೈಗೆತ್ತಿಕೊಂಡಿತು. ಅರ್ಜಿ ಹಾಕಿದವರ ಮನೆಗೆ ಅವರೇ ಬರುತ್ತಾರೆ. ನಮ್ಮ ಮನೆಗೂ ಬಂದಿದ್ದರು. ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು, ಬಂದವರು ಅಲ್ಲೇ ಪಕ್ಕದಲ್ಲಿ ಕೂತರು. ಮಾಡಿನ ಮೇಲೆ ಹೊದೆಸಿದ್ದ ಟಾರ್ಪಾಲು ನೋಡಿದರು. ಬಸ್ಸಿಗೆ ಎಷ್ಟು ದೂರ ನಡೆಯಬೇಕು, ರಾತ್ರಿ ಓದಲು ಜಾಗ ಎಲ್ಲಿ ಎಂದು ನನ್ನನ್ನೇ ಕೇಳಿದರು. ಕಾಗದದಲ್ಲಿ ಬರೆಯಲು ಬಾರದ ಸಂಗತಿಗಳನ್ನೆಲ್ಲ ಅವರು ಕಣ್ಣಲ್ಲೇ ನೋಡಿಕೊಂಡು ಹೋದರು. ಓದುವ ಮಕ್ಕಳಿಗೆ ದಾನಿಗಳಿಂದ ಮನೆ ಕಟ್ಟಿಸಿಕೊಟ್ಟದ್ದೂ ಅವರ ಕೆಲಸದಲ್ಲಿ ಸೇರಿದೆ.

ಆ ದುಡ್ಡಿನಲ್ಲಿ ನಾನು ಬಸ್ ಪಾಸು ಮಾಡಿಸಿದೆ, ಲ್ಯಾಬಿನ ಬಿಳಿ ಕೋಟು ಮತ್ತು ರೆಕಾರ್ಡ್ ಪುಸ್ತಕ ತಗೊಂಡೆ. ಓದಿದ್ದಕ್ಕೆಲ್ಲ ಅದೇ ಸಾಕಾಯಿತು ಅಂತಲ್ಲ. ಆದರೆ ಆ ವರ್ಷ ಮನೆಯಲ್ಲಿ "ಸಾಕು, ಅಂಗಡಿ ಕೆಲಸಕ್ಕೆ ಸೇರು" ಎನ್ನುವ ಮಾತು ಮತ್ತೆ ಬರಲಿಲ್ಲ.

ಇನ್ನೊಂದು ಕಡೆ, ಹೆಸರು ಬೇಡ, ನನ್ನನ್ನು ವೇದಿಕೆ ಹತ್ತಿಸಿ ಅಪ್ಪನ ಕುಡಿತ, ಅಮ್ಮನ ಕಾಯಿಲೆ ಎಲ್ಲ ಮೈಕಿನಲ್ಲಿ ಓದಿದರು. ಎದುರಿಗೆ ನನ್ನ ಕ್ಲಾಸಿನವರು ಕೂತಿದ್ದರು. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೂ ಮರುವರ್ಷ ನಾನು ಅಲ್ಲಿಗೆ ಅರ್ಜಿ ಹಾಕಲಿಲ್ಲ. ನಿಮ್ಮ ಅಮ್ಮನ ದತ್ತಿ ಪಡೆದ ಮಕ್ಕಳ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಬಾರದು ಎಂದು ಮೊದಲೇ ಬರೆಸಿಬಿಡಿ.

ಇನ್ನು ಇಂತಿಷ್ಟು ಪರ್ಸೆಂಟ್ ಇರಲೇಬೇಕು ಎಂಬ ಷರತ್ತು ಇಡಬೇಡಿ. ಸಂಜೆ ಕೆಲಸಕ್ಕೆ ಹೋಗಿ ಓದುವವರ ಅಂಕ ಮೊದಲ ವರ್ಷ ಇಳಿದೇ ಇಳಿಯುತ್ತದೆ. ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸಾಗಿ ಮುಂದೆ ಓದುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದ್ದಾರೆ. ದುಡ್ಡು ನೇರವಾಗಿ ಹುಡುಗಿಯ ಖಾತೆಗೇ ಬರುತ್ತದೆ. ಹಾಗೆ ಅವಳ ಕೈಗೇ ಸಿಗುವಂತೆ ನೋಡಿ.

ಲೆಕ್ಕಪತ್ರದವನು:

ತೆರಿಗೆ ವಿಷಯ ಎರಡೇ ಮಾತಿನಲ್ಲಿ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ (80ಜಿ ಎಂದು ಕರೆಯುವುದು) ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದೂ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟರೆ. ವಿದ್ಯಾರ್ಥಿಯ ಕೈಗೆ ನೇರ ಕೊಟ್ಟರೆ ಇಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಇಲ್ಲ, ಆದ್ದರಿಂದ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮಾಡಿ. ಹಣದ ಜೊತೆ ಕೊಡುವ ಪತ್ರದಲ್ಲಿ "ಇದು ಮೂಲನಿಧಿ, ಬಡ್ಡಿ ಮಾತ್ರ ಬಳಸಬೇಕು" ಎಂದು ಸ್ಪಷ್ಟವಾಗಿ ಬರೆಯಿರಿ. ಹಾಗೆ ಬರೆಯದಿದ್ದರೆ ಅದು ಸಾಮಾನ್ಯ ದೇಣಿಗೆಯ ಲೆಕ್ಕಕ್ಕೆ ಹೋಗಿ ಖರ್ಚಾಗಿಬಿಡಬಹುದು.

ಸಾಗರದವಳು:

ಎಲ್ಲರಿಗೂ ಕೈಮುಗಿದೆ. ತಮ್ಮನಿಗೆ ಮೂರೂ ಉತ್ತರ ಓದಿಸಿದೆ. ವೇದಿಕೆಯ ಮಾತು ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಪದಕ ಬೇಡ, ಆದರೆ ಅಮ್ಮನ ಹೆಸರು ಎಲ್ಲಾದರೂ ಇರಬೇಕು" ಅಂದ. ಗುಮಾಸ್ತರೇ, ಒಪ್ಪಂದ ಪತ್ರದಲ್ಲಿ ಏನೇನು ಬರೆಸಬೇಕು ಎಂದು ಹೇಳುತ್ತೀರಾ? ಪದಕಕ್ಕಾದರೆ ಅವರಲ್ಲಿ ಅಚ್ಚು ಹಾಕಿಸಿದ ನಮೂನೆ ಇದೆಯಂತೆ. ಇಂಥದ್ದಕ್ಕೆ ಇಲ್ಲ ಎನ್ನುತ್ತಾರೆ.

ಧಾರವಾಡದ ನಿವೃತ್ತ ಗುಮಾಸ್ತ:

ನಮೂನೆ ಇಲ್ಲಂದ್ರ ನೀವ ಬರದು ಒಯ್ಯ್ರಿ. ತಮ್ಮನ ಆಸೆಗೆ ಹಾದಿ ಐತಿ. ದತ್ತಿಗೆ ತಾಯಿಯವರ ಪೂರಾ ಹೆಸರು ಇಡ್ರಿ, ಪ್ರತಿ ಪಾವತಿ ಚೀಟಿ ಮ್ಯಾಲ ಅದು ಅಚ್ಚಾಗಲಿ. ಹುಡುಗಿ ಫೀ ಕಟ್ಟಿದ ಪಾವತಿ ಮನೀಗೆ ಒಯ್ದಾಗ ಆಕಿ ಅವ್ವಾನೂ ಆ ಹೆಸರು ಓದತಾಳ.

ಈಗ ರೊಕ್ಕ. ಆರು ಲಕ್ಷಕ್ಕ ಆರೂವರಿ ಹಿಡಿದ್ರ ವರ್ಷಕ್ಕ 39,000. ಅದರಾಗ ಕಾಲುಭಾಗ, 9,750, ತಿರುಗಿ ಅಸಲಿಗೆ ಸೇರಬೇಕು ಅಂತ ಬರಸ್ರಿ. ಇದೊಂದು ಬರಸ್ಲಿಕ್ಕೆ ಮರತ ದತ್ತಿ ಎಲ್ಲಾ ಮೂವತ್ತು ವರ್ಷದಾಗ ಸೊರಗ್ಯಾವ. ಉಳಿಯೂದು 29,250. ಊಟಕ್ಕ ತಿಂಗಳಿಗೆ ಮೂರು ಸಾವಿರ ಅಂದ್ರ ಒಬ್ಬರಿಗೆ ಹತ್ರ ಹತ್ರ ಹತ್ತು ತಿಂಗಳ ಊಟ. ಇಲ್ಲಾಂದ್ರ ಭಾಳ ಮಂದಿಗೆ ಪರೀಕ್ಷಾ ಫೀ. ಯಾವುದು ಅಂತ ನೀವು ಗಟ್ಟಿ ಕಟ್ಟಬ್ಯಾಡ್ರಿ. "ಪರೀಕ್ಷಾ ಫೀ, ಊಟ, ಬಸ್ ಪಾಸು, ಪುಸ್ತಕ, ಇವುಗಳಲ್ಲಿ ಆ ವರ್ಷ ಅಗತ್ಯ ಇದ್ದದ್ದಕ್ಕೆ" ಅಂತ ಬರೀರಿ.

ಹುಡುಗೂರನ್ನ ಆರಿಸೂವರಾಗ ಹಾಸ್ಟೆಲ್ ವಾರ್ಡನ್ ಇರಲಿ, ಒಬ್ಬರು ಮೇಡಂ ಇರಲಿ. ಫೀ ಕೌಂಟರಿನಾಗ ಕುಂಡ್ರಾವಗ ಹೆಸರು ಸೂಚಿಸೂ ಹಕ್ಕು ಕೊಡ್ರಿ, ಯಾರು ಕಡೀ ದಿನಾ ಕೇಳತಾರ ಅಂತ ಅವಗ ಗೊತ್ತಿರತೈತಿ. ಪಾಸಾದ್ರ ಸಾಕು ಅನ್ರಿ. ಬಡ್ಡಿ ಖರ್ಚಾಗದ ಉಳಿದ್ರ ಮುಂದಿನ ವರ್ಷಕ್ಕ ಹೋಗಬೇಕು, ಬ್ಯಾರೆ ಖಾತೆಕ್ಕ ಅಲ್ಲ. ವರ್ಷಕ್ಕೊಮ್ಮೆ ಎಷ್ಟು ಬಂತು, ಎಷ್ಟು ಹೋತು ಅನ್ನೂ ಒಂದು ಹಾಳಿ ನಿಮಗ ಕಳಸಬೇಕು. ಮಕ್ಕಳ ಹೆಸರು ಕೇಳಬ್ಯಾಡ್ರಿ, ಎಷ್ಟು ಮಂದಿಗೆ ಅಂತಷ್ಟ ಕೇಳ್ರಿ.

ಕರಡು ಬರದ ಮ್ಯಾಲ ಇಲ್ಲೇ ಹಾಕ್ರಿ, ನಾ ಓದಿ ಹೇಳತೇನಿ. ಸಹಿ ಮಾತ್ರ ಪ್ರವೇಶ ಶುರು ಆಗೂದ್ರೊಳಗ ಆಗಲಿ. ಠೇವಣಿ ಇಟ್ಟು ಬಡ್ಡಿ ಬರೂತನಕ ಒಂದು ವರ್ಷ ಹೋಗತೈತಿ. ಆ ಮೊದಲನೇ ವರ್ಷದ ಹುಡುಗೂರಿಗೆ ಆಗೂವಷ್ಟು ಒಂದು ಇಪ್ಪತ್ತು ಸಾವಿರ ಕೂಡಿದ್ರ ಬ್ಯಾರೆ ಕೊಡ್ರಿ.