ಮಳೆಗಾಲದಲ್ಲಿ ಜೇಡ್ ಗಿಡದ ಎಲೆ ಉದುರುತ್ತಿದೆ, ಉಳಿಸಬಹುದಾ?

ಪ್ರಶ್ನೆ, ಸಾಗರದಿಂದ:
ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಮಗಳು ತಾನು ಕೂಡಿಟ್ಟ ದುಡ್ಡಲ್ಲಿ ಒಂದು ಜೇಡ್ ಗಿಡ ಕೊಂಡಿದ್ದಳು. ಮೇ ತನಕ ಚೆನ್ನಾಗಿತ್ತು. ಮಳೆ ಹಿಡಿದು ಹದಿನೈದು ದಿನ ಆಯಿತು, ಎಲೆಗಳು ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಉದುರುತ್ತಿವೆ. ಒಣಗುತ್ತಿದೆ ಅಂದುಕೊಂಡು ದಿನಾ ಒಂದು ಲೋಟ ನೀರು ಹಾಕುತ್ತಿದ್ದೇನೆ. ಪಿಂಗಾಣಿ ಕುಂಡ, ಜಗಲಿಯಲ್ಲಿದೆ, ಮಳೆ ತಾಗುವುದಿಲ್ಲ. ಹೇಗಾದರೂ ಉಳಿಸಬೇಕು.

ಉತ್ತರ, ಉಡುಪಿಯಿಂದ:
ಮೊದಲು ನೀರು ನಿಲ್ಲಿಸಿ, ಇವತ್ತೇ. ಬಾಯಾರಿದ ಜೇಡ್ ಎಲೆ ತೆಳ್ಳಗಾಗಿ ಸುಕ್ಕುಗಟ್ಟುತ್ತದೆ. ನೀರು ಜಾಸ್ತಿಯಾದರೆ ಹಳದಿಯಾಗಿ ಪಿಚಪಿಚ ಅನ್ನುತ್ತದೆ. ಎರಡರಲ್ಲೂ ಎಲೆ ಉದುರುತ್ತದೆ, ಅದಕ್ಕೇ ನಾವು ಮೋಸ ಹೋಗುವುದು. ಇದು ದಕ್ಷಿಣ ಆಫ್ರಿಕಾದ ಒಣ ಗುಡ್ಡಗಳ ಗಿಡ, ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಜೂನ್, ಜುಲೈನಲ್ಲಿ ನಾನು ಒಂದು ಹನಿಯೂ ಹಾಕುವುದಿಲ್ಲ. ಎಲೆ ಸ್ವಲ್ಪ ಸುಕ್ಕಾದರೆ ಮಾತ್ರ ನೀರು. ಕುಂಡಕ್ಕೆ ತೂತು ಇದೆಯಾ? ಗಿಡ ಹೊರಗೆ ತೆಗೆದು ಬೇರು ನೋಡಿ.

ಕೇಳಿದವರು:
ತೂತೇ ಇಲ್ಲ! ತಳದಲ್ಲಿ ನೀರು ನಿಂತಿದೆ. ತುಂಬಿರುವುದು ಬರೀ ತೆಂಗಿನ ನಾರಿನ ಪುಡಿ, ಮಣ್ಣೇ ಇಲ್ಲ. ಬೇರು ಕಪ್ಪಾಗಿದೆ, ವಾಸನೆ ಬರುತ್ತಿದೆ, ಬುಡವೂ ಮೆತ್ತಗಿದೆ. ಮೇಲಿನ ನಾಲ್ಕು ಕೊಂಬೆ ಗಟ್ಟಿ ಇವೆ.

ಉತ್ತರ, ಮೈಸೂರಿನಿಂದ:
ಹಾಗಾದರೆ ಬುಡದ ಆಸೆ ಬಿಡಿ, ಕೊಂಬೆ ಉಳಿಸಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಕತ್ತರಿಸಿ. ಕೊಯ್ದ ಜಾಗದಲ್ಲಿ ಕಂದು ಕಲೆ ಕಂಡರೆ ಇನ್ನೂ ಮೇಲೆ ಕೊಯ್ಯಿರಿ, ಒಳಗೆ ಪೂರ್ತಿ ತಿಳಿ ಹಸಿರು ಕಾಣಬೇಕು. ತಕ್ಷಣ ನೆಡಬೇಡಿ. ಗಾಯ ಒಣಗಿ ಗಟ್ಟಿ ಪೊರೆ ಕಟ್ಟಬೇಕು, ಇಲ್ಲದಿದ್ದರೆ ಮತ್ತೆ ಕೊಳೆಯುತ್ತದೆ. ನಮ್ಮಲ್ಲಿ ಐದಾರು ದಿನ ಸಾಕು. ನಿಮ್ಮ ಮಲೆನಾಡಿನ ಥಂಡಿಗೆ ಹತ್ತು ದಿನ ಬಿಡಿ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಪೇಪರ್ ಮೇಲೆ ಇಟ್ಟರಾಯಿತು. ಆಮೇಲೆ ತೂತಿರುವ ಮಣ್ಣಿನ ಕುಂಡ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು. ಗೊಬ್ಬರ ಈಗ ಬೇಡ. ನೆಟ್ಟ ಮೇಲೂ ಒಂದು ವಾರ ನೀರು ಬೇಡ.

ಉದುರಿದ ಎಲೆಗಳಲ್ಲಿ ಗಟ್ಟಿ ಇರುವುದನ್ನು ಮಗಳ ಕೈಗೆ ಕೊಡಿ. ಒಣ ಮರಳಿನ ಮೇಲೆ ಸುಮ್ನೆ ಮಲಗಿಸಿದರೆ ತೊಟ್ಟಿನ ಕಡೆ ಬೇರು, ಆಮೇಲೆ ಪುಟ್ಟ ಚಿಗುರು ಬರುತ್ತದೆ. ಮಕ್ಕಳಿಗೆ ಅದನ್ನು ನೋಡುವುದೇ ಒಂದು ಖುಷಿ, ಅಲ್ವಾ?

ಕೇಳಿದವರು, ಆಗಸ್ಟ್ ಕೊನೆಯಲ್ಲಿ:
ನಾಲ್ಕರಲ್ಲಿ ಒಂದು ಕೊಂಬೆ ಕೊಳೆಯಿತು. ಉಳಿದ ಮೂರನ್ನು ಮೆಲ್ಲಗೆ ಎಳೆದು ನೋಡಿದೆ, ಬರಲಿಲ್ಲ. ಬೇರು ಹಿಡಿದಿದೆ! ಮಗಳು ಹನ್ನೊಂದು ಎಲೆ ಮಲಗಿಸಿದ್ದಳು, ಎರಡರಲ್ಲಿ ಬಿಳಿ ದಾರದಂಥ ಬೇರು ಬಂದಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲೆಗಳಿಗೆ ನೀರು ಯಾವಾಗ ಶುರು ಮಾಡಲಿ?