ಲಿಬ್‌ವರ್ಟ್‌ನಿಂದ ಪ್ರಾಕ್ಸ್‌ಮಾಕ್ಸ್‌ಗೆ ತಂದ ವಿಎಂ ಬೂಟ್ ಆಗ್ತಿಲ್ಲ

ಪ್ರಶ್ನೆ: ಸರ್, ಲಿಬ್‌ವರ್ಟ್ ಬಳಸುವ ವರ್ಟ್-ಮ್ಯಾನೇಜರ್‌ನಲ್ಲಿದ್ದ ರಾಕಿ ಲಿನಕ್ಸ್ 9 ವಿಎಂ (ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರ್ ಒಳಗೆ ಓಡುವ ಕಂಪ್ಯೂಟರ್) ಅನ್ನು, ವಿಎಂ ನಡೆಸುವ ಇನ್ನೊಂದು ವ್ಯವಸ್ಥೆಯಾದ ಪ್ರಾಕ್ಸ್‌ಮಾಕ್ಸ್ 8ಕ್ಕೆ ತಂದಿದ್ದೇನೆ. 40 ಜಿಬಿಯ ಕ್ಯೂಕೌ2 ಫೈಲ್ (ವಿಎಂನ ಡಿಸ್ಕ್ ಇಮೇಜ್) ಕಾಪಿ ಮಾಡಿ 'ಕ್ಯೂಎಂ ಡಿಸ್ಕ್ ಇಂಪೋರ್ಟ್' ಕೊಟ್ಟೆ, ಎರರ್ ಇಲ್ಲದೆ ಮುಗೀತು. ಹಾರ್ಡ್‌ವೇರ್ ಪಟ್ಟಿಯಲ್ಲಿ 'ಅನ್‌ಯೂಸ್ಡ್' ಅಂತ ಬಂದದ್ದನ್ನು ಸ್ಕಸಿ (ಡಿಸ್ಕ್ ಜೋಡಿಸುವ ಒಂದು ಬಗೆಯ ಬಸ್) ಅಂತಲೇ ಜೋಡಿಸಿದೆ. ಬೂಟ್ ಲೋಡರ್ ಆದ ಗ್ರಬ್‌ನ ಮೆನು ಬರುತ್ತೆ, ಸುಮಾರು ಹೊತ್ತು ಕಾದು ಡ್ರಾಕಟ್ ಎಮರ್ಜೆನ್ಸಿ ಶೆಲ್‌ಗೆ (ಬೂಟ್ ನಿಂತಾಗ ಬರುವ ತುರ್ತು ಕಮಾಂಡ್ ಪರದೆ) ಬೀಳುತ್ತೆ. ಇಮೇಜ್ ಕೆಟ್ಟಿದೆಯಾ?

ಉತ್ತರ: ಇಮೇಜ್ ಚೆನ್ನಾಗಿಯೇ ಇರುವಂತಿದೆ. ಗ್ರಬ್ ಬಂತೆಂದರೆ ಫರ್ಮ್‌ವೇರ್ ಡಿಸ್ಕನ್ನು ಓದಿದೆ. ಸಿಪಿಯು ಮಾದರಿಯೂ ಕಾರಣವಲ್ಲ. ಅದು 'ಕೆವಿಎಂ64' ಎಂಬ ಹಳೆಯ ಮಾದರಿ ಆಗಿದ್ದರೆ ರಾಕಿ 9 ಈ ಶೆಲ್‌ವರೆಗೂ ಬರದೆ ಕರ್ನಲ್ ಪ್ಯಾನಿಕ್ ಆಗುತ್ತಿತ್ತು.

ಹಳೆಯ ಹೋಸ್ಟ್‌ನಲ್ಲಿ ಡಿಸ್ಕ್ ವರ್ಟಿಯೊ ಬ್ಲಾಕ್ (ವಿಎಂಗಳಿಗೆಂದೇ ಇರುವ ಡಿಸ್ಕ್ ಬಸ್) ಆಗಿದ್ದಿರಬೇಕು, ಒಳಗೆ 'ವಿಡಿಎ' ಅಂತ ಕಾಣುತ್ತಿತ್ತಲ್ಲವೇ? ಡ್ರಾಕಟ್ ಆ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಇನಿಟ್‌ರಾಮ್‌ಎಫ್‌ಎಸ್‌ಗೆ (ಬೂಟ್‌ನ ಆರಂಭದಲ್ಲಿ ಲೋಡ್ ಆಗುವ ಚಿಕ್ಕ ಫೈಲ್ ವ್ಯವಸ್ಥೆ) ತುಂಬುತ್ತದೆ. ವರ್ಟಿಯೊ ಸ್ಕಸಿ ಡ್ರೈವರ್ ಅದರಲ್ಲಿಲ್ಲ, ಹಾಗಾಗಿ ರೂಟ್ ಡಿಸ್ಕ್ ಕಾಣುವುದೇ ಇಲ್ಲ. ಆ ಶೆಲ್‌ನಲ್ಲೇ ಕಾಣುವ ಡಿಸ್ಕ್‌ಗಳನ್ನು ಪಟ್ಟಿ ಮಾಡುವ 'ಬಿಎಲ್‌ಕೆಐಡಿ' ಕೊಟ್ಟು ನೋಡಿ, ಖಾಲಿ ಬಂದರೆ ಇದೇ.

ವಿಎಂ ಆಫ್ ಮಾಡಿ, ಡಿಸ್ಕ್ ಡಿಟ್ಯಾಚ್ ಮಾಡಿ, ಬಸ್ 'ವರ್ಟಿಯೊ ಬ್ಲಾಕ್' ಅಂತ ಆರಿಸಿ ಮತ್ತೆ ಸೇರಿಸಿ. ಆಮೇಲೆ ಆಪ್ಷನ್ಸ್‌ನ ಬೂಟ್ ಆರ್ಡರ್‌ನಲ್ಲಿ ವರ್ಟಿಯೊ0ಗೆ ಟಿಕ್ ಹಾಕಿ. ಇದನ್ನು ಮರೆತು 'ಇನ್ನೂ ಬೂಟ್ ಆಗ್ತಿಲ್ಲ' ಅಂತ ಮರಳಿ ಬರುವವರೇ ಹೆಚ್ಚು.

ಸ್ಕಸಿಯೇ ಬೇಕೆಂದರೆ, ಹೀಗೆ ಬೂಟ್ ಆದ ಮೇಲೆ ಡ್ರಾಕಟ್ ಕಾನ್ಫ್ ಡೈರೆಕ್ಟರಿಯಲ್ಲಿ ಒಂದು ಫೈಲ್ ಮಾಡಿ 'ಆ್ಯಡ್_ಡ್ರೈವರ್ಸ್' ಸಾಲಿಗೆ ವರ್ಟಿಯೊ_ಸ್ಕಸಿ ಸೇರಿಸಿ. ಕೋಟ್ ಗುರುತಿನ ಒಳಗೆ ಹೆಸರಿನ ಎರಡೂ ಬದಿ ಒಂದೊಂದು ಸ್ಪೇಸ್ ಬಿಡಿ. ಇಲ್ಲವಾದರೆ ಪಕ್ಕದ ಹೆಸರಿಗೆ ಅಂಟಿಕೊಳ್ಳಬಹುದು. ನಂತರ ಡ್ರಾಕಟ್‌ಗೆ 'ರೀಜನರೇಟ್-ಆಲ್' ಮತ್ತು 'ಫೋರ್ಸ್' ಕೊಟ್ಟು, ಇನಿಟ್‌ರಾಮ್‌ಎಫ್‌ಎಸ್‌ನ ಒಳಗಿರುವುದನ್ನು ತೋರಿಸುವ ಎಲ್‌ಎಸ್‌ಇನಿಟ್‌ಆರ್‌ಡಿಯಲ್ಲಿ ಡ್ರೈವರ್ ಹೆಸರು ಕಂಡ ಮೇಲಷ್ಟೇ ಬಸ್ ಬದಲಿಸಿ.

ಪ್ರಶ್ನೆ: ಬೂಟ್ ಆಯ್ತು ಸರ್! ಆದರೆ ನೆಟ್‌ವರ್ಕ್ ಇಲ್ಲ.

ಉತ್ತರ: ಕಾರ್ಡಿನ ಹೆಸರು ಬದಲಾಗಿರುತ್ತೆ. ಮೊದಲು ಇಎನ್‌ಪಿ1ಎಸ್0 ಇದ್ದದ್ದು ಪ್ರಾಕ್ಸ್‌ಮಾಕ್ಸ್‌ನ ಐ440ಎಫ್‌ಎಕ್ಸ್ ಮಾದರಿಯ ಮೆಷಿನ್‌ನಲ್ಲಿ ಇಎನ್‌ಎಸ್18 ಆಗುತ್ತೆ. ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವ 'ಎನ್‌ಎಂಸಿಎಲ್‌ಐ' ಕಮಾಂಡ್‌ನಿಂದ ಕನೆಕ್ಷನ್‌ನ ಇಂಟರ್‌ಫೇಸ್ ಹೆಸರು ತಿದ್ದಿ. ಡಿಎಚ್‌ಸಿಪಿಯಲ್ಲಿ ಐಪಿ ಕಾದಿರಿಸಿದ್ದರೆ ಹಳೆಯ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತು) ಹಳೆಯ ಹೋಸ್ಟ್‌ನಲ್ಲಿ 'ವರ್ಷ್ ಡಂಪ್‌ಎಕ್ಸ್‌ಎಂಎಲ್'ನಿಂದ ತೆಗೆದು ಹೊಸ ವಿಎಂನ ನೆಟ್0ಗೆ ಹಾಕಿ. ಆಗ ಎರಡಕ್ಕೂ ಒಂದೇ ಮ್ಯಾಕ್ ಇರುವುದರಿಂದ ಹಳೆ ವಿಎಂ ಮಾತ್ರ ಆನ್ ಮಾಡಬೇಡಿ.

ಮತ್ತೊಬ್ಬ ಸದಸ್ಯರು: ಮುಂದಿನ ವಿಎಂಗಳಿಗೆ ಒಂದು ಮಾತು. ಆಫ್ ಮಾಡಿಯೇ ಕಾಪಿ ಮಾಡಿ, ಅದಕ್ಕೂ ಮೊದಲು 'ಕ್ಯೂಎಂಯು-ಇಮ್ಗ್ ಇನ್ಫೋ' ನೋಡಿ. 'ಬ್ಯಾಕಿಂಗ್ ಫೈಲ್' ಸಾಲು ಕಂಡರೆ ಅದು ಸ್ನ್ಯಾಪ್‌ಶಾಟ್‌ನ ಮೇಲ್ಪದರ ಅಷ್ಟೇ, ಉಳಿದ ಡೇಟಾ ಕೆಳಗಿನ ಫೈಲಲ್ಲಿದೆ. 'ಕ್ಯೂಎಂಯು-ಇಮ್ಗ್ ಕನ್ವರ್ಟ್' ಎರಡನ್ನೂ ಸೇರಿಸಿ ಒಂದೇ ಫೈಲ್ ಮಾಡಿಕೊಡುತ್ತೆ.