ದಿನಾ ನಡೆದರೂ ತೂಕ ಇಳಿಯುತ್ತಿಲ್ಲ, ಟೀ-ಕಾಫಿಯ ಸಕ್ಕರೆ ಕಾರಣ ಇರಬಹುದಾ?

ಹಾಸನದ ಟೈಲರ್

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ ಹಾಕುವುದು ನನ್ನ ಕೆಲಸ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮಿಷನ್ ಮುಂದೆ ಕೂತೇ ಇರುತ್ತೇನೆ.

ಮೂರು ತಿಂಗಳಿಂದ ತೂಕ ಇಳಿಸಲು ನೋಡುತ್ತಿದ್ದೇನೆ. ಶುರು ಮಾಡಿದಾಗ 74 ಕೆ.ಜಿ. ಇದ್ದೆ, ಈಗ 73. ಬೆಳಿಗ್ಗೆ ಆರಕ್ಕೆ ಎದ್ದು ಮಹಾರಾಜ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತೇನೆ. ರಾತ್ರಿ ಅನ್ನ ಬಿಟ್ಟೆ. ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಅಷ್ಟೇ. ಬೇರೆಯವರ ಅಳತೆ ತೆಗೆಯುವ ಟೇಪಿನಿಂದಲೇ ತಿಂಗಳಿಗೊಮ್ಮೆ ನನ್ನ ಸೊಂಟದ ಅಳತೆ ತೆಗೆದು ಆರ್ಡರ್ ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಡುತ್ತೇನೆ. ಮೊದಲ ಸಲ 38 ಇಂಚು. ಆಮೇಲೂ 38. ಮೊನ್ನೆ ಮೂರನೇ ಸಲವೂ 38 ಬಂದಾಗ ಅಂಗಡಿ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ.

ಈಗ ನನ್ನ ಅನುಮಾನ ಟೀ ಮೇಲೆ. ಮನೆಯಲ್ಲಿ ಎರಡು ಸಲ ಕಾಫಿ, ಅಂಗಡಿಯಲ್ಲಿ ಮೂರು ಸಲ ಟೀ. ಗಿರಾಕಿ ಬಂದು ಕೂತರೆ ಪಕ್ಕದ ಟೀ ಅಂಗಡಿಗೆ ಹೇಳದೆ ಇರಲು ಆಗಲ್ಲ. ಅವರ ಜೊತೆ ನಾನೂ ಕುಡಿಯುತ್ತೇನೆ. ಮನೆ ಕಾಫಿಗೆ ಎರಡು ಚಮಚ ಸಕ್ಕರೆ, ಅಂಗಡಿ ಟೀಗೂ ಅಷ್ಟೇ ಇರಬಹುದು. ಹಬ್ಬದ ಒಬ್ಬಟ್ಟು ಬಿಟ್ಟರೆ ಬೇರೆ ಸಿಹಿ ತಿನ್ನಲ್ಲ.

ನಮ್ಮ ಮನೆಯವರು "ದಿನಾ ನಡೀತೀಯಲ್ಲ, ಅಷ್ಟು ಸಕ್ಕರೆ ಕರಗಿಹೋಗುತ್ತೆ ಬಿಡು" ಅನ್ನುತ್ತಾರೆ. ನಿಜವಾ? ಅನ್ನ ಬಿಟ್ಟಿದ್ದು ಸಾಲದಾ, ಸಕ್ಕರೆಯನ್ನೂ ಬಿಡಬೇಕಾ? ಸುಮ್ನೆ ಕೇಳುತ್ತಿಲ್ಲ, ಮಂಡಿ ನೋವು ಶುರುವಾಗಿದೆ. ಪೆಡಲ್ ತುಳಿಯುವ ಕೆಲಸ ನನ್ನದು.

ಬೇಲೂರಿನ ಹುಡುಗಿ

ಅಕ್ಕಾ, ಸಕ್ಕರೆ ಬದಲು ಬೆಲ್ಲ ಹಾಕಿ. ನಾನು ಆರು ತಿಂಗಳಿಂದ ಬೆಲ್ಲದ ಟೀನೇ ಕುಡಿಯುವುದು. ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಬೆಲ್ಲ ಎಷ್ಟು ತಿಂದರೂ ಮೈಗೆ ಹತ್ತಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಾರೆ. ಅಳಬೇಡಿ ಅಕ್ಕಾ, ಇಳಿಯುತ್ತೆ.

ತೋಟದ ರೈಟರ್

ನಮಸ್ಕಾರ ತಂಗಿ. ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ವಯಸ್ಸು 53. ಲೆಕ್ಕ ಬರೆಯುವುದೇ ನನ್ನ ಕೆಲಸ, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಹೋದ ವರ್ಷ ನನ್ನ ತೂಕ 81 ಇತ್ತು. ದಿನಾ ತೋಟ ಸುತ್ತುವವನಿಗೆ ಹೊಟ್ಟೆ ಹೇಗೆ ಬಂತು ಅಂತ ತಿಳಿಯಲಿಲ್ಲ. ಸಕ್ಕರೆ ಎಷ್ಟು ತಿನ್ನುತ್ತೀರಿ ಅಂತ ಡಾಕ್ಟರು ಕೇಳಿದಾಗ "ಏನಿಲ್ಲ ಸಾರ್, ಕಾಫಿಗೆ ಒಂದೆರಡು ಚಮಚ" ಅಂದೆ. ಸುಳ್ಳು ಹೇಳಿದ್ದಲ್ಲ. ನನಗೆ ಗೊತ್ತೇ ಇರಲಿಲ್ಲ.

ಕಾಫಿಯ ಔಟ್‌ಟರ್ನ್ (ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ನೋಡಲು ನಮ್ಮ ಆಫೀಸಿನಲ್ಲಿ ಸಣ್ಣ ಡಿಜಿಟಲ್ ತಕ್ಕಡಿ ಇದೆ. ಒಂದು ಭಾನುವಾರ ಅದನ್ನು ಮನೆಗೆ ತಂದೆ. ಹೆಂಡತಿಗೆ "ದಿನಾ ಹಾಕುವ ಹಾಗೇ ಹಾಕು" ಅಂದೆ. ಅವಳು ಡಬ್ಬದೊಳಗೆ ಚಮಚ ಅದ್ದಿ, ಮೇಲೆ ಗುಡ್ಡೆ ನಿಂತಿದ್ದ ಹಾಗೆಯೇ ತಂದು ತಕ್ಕಡಿಗೆ ಸುರಿದಳು. 7 ಗ್ರಾಂ. ಅದೇ ಚಮಚವನ್ನು ಬೆರಳಿಂದ ಸವರಿ ಮಟ್ಟ ಮಾಡಿ ಸುರಿದರೆ 4 ಗ್ರಾಂ. ಮತ್ತೆ ಮೂರು ಸಲ ತೂಗಿದೆವು, ಅಷ್ಟೇ ಬಂತು. ನಾವು ಒಂದು ಚಮಚ ಅಂದುಕೊಂಡಿದ್ದು ಹತ್ತಿರ ಹತ್ತಿರ ಎರಡು ಚಮಚ!

ಈಗ ನಿಮ್ಮ ಲೆಕ್ಕ ನೋಡಿ. ಐದು ಲೋಟಕ್ಕೆ ಎರಡೆರಡು ಚಮಚ, ಒಟ್ಟು ಹತ್ತು. ಮಟ್ಟದ ಚಮಚವಾದರೆ 40 ಗ್ರಾಂ, ಗುಡ್ಡೆ ಚಮಚವಾದರೆ 70. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಅಂದರೆ ದಿನಕ್ಕೆ 160ರಿಂದ 280. ನಿಮ್ಮ ತೂಕದವರು ಮುಕ್ಕಾಲು ಗಂಟೆ ನಡೆದರೆ ಖರ್ಚಾಗುವುದು ಹೆಚ್ಚು ಕಡಿಮೆ 150ರಿಂದ 200. ಪಾರ್ಕಿನಲ್ಲಿ ನೀವು ಬೆವರು ಸುರಿಸಿ ಕಳೆದದ್ದು ಲೋಟದಲ್ಲಿ ವಾಪಸ್ ಬರುತ್ತಿದೆ. ನಿಮ್ಮ ಮನೆಯವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಲೆಕ್ಕ ತಾಳೆಯಾಗಲ್ಲ.

ಇನ್ನೊಂದು ಸುಲಭದ ದಾರಿ ಇದೆ, ಅದಕ್ಕೆ ತಕ್ಕಡಿಯೂ ಬೇಡ. ದಿನಸಿ ಚೀಟಿ ತೆಗೆದು ನೋಡಿ. ನಮ್ಮ ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ 5 ಕೆ.ಜಿ. ಸಕ್ಕರೆ, 2 ಕೆ.ಜಿ. ಬೆಲ್ಲ ತರುತ್ತಿದ್ದೆವು. ಏಳು ಸಾವಿರ ಗ್ರಾಂ, ನಾಲ್ಕು ಜನ, ಮೂವತ್ತು ದಿನ. ತಲೆಗೆ ದಿನಕ್ಕೆ 58 ಗ್ರಾಂ! ನೆಂಟರಿಷ್ಟರಿಗೆ ಹೋದದ್ದನ್ನು ಕಳೆದರೂ 50ರ ಆಸುಪಾಸು. ಬೇಕರಿಯ ಬೆಣ್ಣೆ ಬಿಸ್ಕತ್ತು ಇದಕ್ಕೆ ಸೇರಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಳುಗಳ ಹಾಜರಿಯಲ್ಲಿ ಅರ್ಧ ದಿನ ಹೆಚ್ಚು ಕಡಿಮೆ ಆದರೂ ಹಿಡಿಯುವವನು ನಾನು.

ಬೇಲೂರಿನ ಮಗಳೇ, ಬೆಲ್ಲದ ವಿಷಯ ಬೇಜಾರು ಮಾಡಿಕೊಳ್ಳಬೇಡಮ್ಮ. ನಮ್ಮ ಮಲೆನಾಡಿನಲ್ಲಿ ಬೆಲ್ಲದ ಕಾಫಿ ಕುಡಿದೇ ಬೆಳೆದವರು ನಾವು. ಹಾಲು ಒಡೆಯದ ಹಾಗೆ ಹಾಕುವುದನ್ನು ನೀನು ಸರಿಯಾಗಿ ಹೇಳಿದ್ದೀಯ. ಆದರೆ ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲೂ 350ರ ಮೇಲೇ ಇದೆ. ಸಿಹಿ ಸಾಲದು ಅಂತ ಇನ್ನೊಂದು ಚೂರು ಹಾಕುತ್ತೇವೆ, ಅಲ್ಲಿಗೆ ಎರಡೂ ಒಂದೇ. ನಿಮ್ಮ ಅಜ್ಜಿಯ ಕಾಲದಲ್ಲಿ ಗದ್ದೆ ನಾಟಿ, ಕಳೆ, ಕುಯ್ಲು ಎಲ್ಲ ಕೈಯಲ್ಲೇ. ಅವರಿಗೆ ಮೈಗೆ ಹತ್ತುತ್ತಿರಲಿಲ್ಲ, ನಿಜ.

ನಾನು ಒಮ್ಮೆಲೇ ಬಿಡಲಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆ. ಕಾಫಿ ವಿಷಯ ಒಂದು ಮಾತು. ಡಿಕಾಕ್ಷನ್ ಗಟ್ಟಿ ಇದ್ದಷ್ಟೂ ಕಹಿ, ಕಹಿ ಇದ್ದಷ್ಟೂ ಸಕ್ಕರೆ ಕೇಳುತ್ತದೆ. ನಮ್ಮ ಮನೆಯಲ್ಲಿ ಇದ್ದದ್ದು ಕಹಿ ಹೆಚ್ಚಿರುವ ರೊಬಸ್ಟಾ ಪುಡಿ, ಜೊತೆಗೆ ಚಿಕೋರಿ. ಚಿಕೋರಿ ಬಿಟ್ಟು, ಕಹಿ ಕಡಿಮೆ ಇರುವ ಅರೇಬಿಕಾ ಬೆರೆಸಿ, ಡಿಕಾಕ್ಷನ್ ತೆಳುವಾಗಿ ಇಳಿಸಿದೆವು. ಮೂರು ವಾರಕ್ಕೆ ನಾಲಿಗೆ ಒಗ್ಗಿತು. ಈಗ ಲೋಟಕ್ಕೆ ಮಟ್ಟದ ಅರ್ಧ ಚಮಚ. ಸಕ್ಕರೆ ಕಡಿಮೆಯಾದ ಮೇಲೆ ಪುಡಿಯ ಘಮವೇ ಬೇರೆ ಅನಿಸಿತು. ತೋಟದಲ್ಲೇ ಇದ್ದುಕೊಂಡು ಇಷ್ಟು ವರ್ಷ ಆ ರುಚಿ ತಿಳಿದಿರಲಿಲ್ಲ.

ಮೊದಲ ತಿಂಗಳು ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಸಕ್ಕರೆ ಕಡಿಮೆ ಮಾಡಿದ್ದೇನಲ್ಲ ಅಂತ ಬೆಳಿಗ್ಗೆ ಇನ್ನೊಂದು ಅಕ್ಕಿ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆ, ಬೆಣ್ಣೆ ಸಮೇತ. ತೂಕ ಒಂದು ಚೂರೂ ಅಲ್ಲಾಡಲಿಲ್ಲ. ಆ ರೊಟ್ಟಿ ಬಿಟ್ಟೆ, ಸಂಜೆಯ ಬಿಸ್ಕತ್ತು ಬಿಟ್ಟೆ. ಎಂಟು ತಿಂಗಳಿಗೆ 81ರಿಂದ 76ಕ್ಕೆ ಬಂದೆ. ಸಕ್ಕರೆ ಒಂದರಿಂದಲೇ ಇಳಿಯಿತು ಅಂತ ಹೇಳಲಾರೆ. ಆದರೆ ಬಿಡಲು ಸುಲಭವಾಗಿದ್ದು ಅದೇ. ಹೊಟ್ಟೆ ಹಸಿಯಲಿಲ್ಲ.

ಚಿಕ್ಕಮಗಳೂರಿನ ಆಹಾರ ತಜ್ಞೆ

ರೈಟರ್ ಅಣ್ಣನ ಲೆಕ್ಕ ಸರಿಯಾಗಿದೆ. ಅವರ ರೊಟ್ಟಿಯ ಅನುಭವವೇ ಸಂಶೋಧನೆಯಲ್ಲೂ ಕಂಡಿದೆ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ಸಕ್ಕರೆ ಬಿಟ್ಟು ಅಷ್ಟೇ ಕ್ಯಾಲೊರಿಯ ಬೇರೆ ಶರ್ಕರಪಿಷ್ಟ (ಅನ್ನ, ರೊಟ್ಟಿಯಂಥದ್ದು) ತಿಂದವರ ತೂಕ ಬದಲಾಗಲಿಲ್ಲ. ಉಳಿದ ಊಟ ತಮ್ಮಿಷ್ಟದಂತೆ ಮಾಡುತ್ತಾ ಸಕ್ಕರೆ ಮಾತ್ರ ಕಡಿಮೆ ಮಾಡಿದವರು ಸರಾಸರಿ 0.8 ಕೆ.ಜಿ. ಇಳಿದರು. ದೊಡ್ಡ ಸಂಖ್ಯೆ ಅಲ್ಲ, ಆದರೆ ದಿಕ್ಕು ಸ್ಪಷ್ಟ. ಸಕ್ಕರೆಗೆ ಕೊಬ್ಬಾಗುವ ವಿಶೇಷ ಶಕ್ತಿ ಏನೂ ಇಲ್ಲ. ಗೊತ್ತಾಗದ ಹಾಗೆ ಒಳಗೆ ಹೋಗುತ್ತದೆ, ಅದೇ ತೊಂದರೆ. ಅದರಲ್ಲೂ ಕುಡಿಯುವ ಸಕ್ಕರೆಯಿಂದ ಹೊಟ್ಟೆ ತುಂಬಿದ ಹಾಗೆ ಅನಿಸುವುದಿಲ್ಲ. ಅದಕ್ಕೇ ಆಮೇಲಿನ ಊಟವೂ ಕಡಿಮೆಯಾಗಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ ಪ್ರಕಾರ ಇಂಥ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ. 10ರ ಒಳಗಿರಬೇಕು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಊಟಕ್ಕೆ ಶೇ. 5 ಅಂದರೆ 25 ಗ್ರಾಂ, ಅಂದರೆ ಮಟ್ಟದ ಆರು ಚಮಚ. ಜೇನುತುಪ್ಪವೂ ಇದರಲ್ಲೇ ಬರುತ್ತದೆ. ಇಡೀ ಹಣ್ಣು ಬರುವುದಿಲ್ಲ, ಬಾಳೆಹಣ್ಣಿಗೆ ಹೆದರಬೇಡಿ. ಸಕ್ಕರೆ ಬದಲು ಹಾಕುವ ಸಿಹಿ ಮಾತ್ರೆ ಕೊಳ್ಳುವ ಯೋಚನೆ ಇದ್ದರೆ ಬೇಡ ಅನ್ನುತ್ತೇನೆ. ತೂಕ ಇಳಿಸಲು ಅವುಗಳನ್ನು ಬಳಸಬೇಡಿ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ಸಿಹಿಯ ಚಪಲ ಹಾಗೇ ಉಳಿಯುತ್ತದೆ.

ಮೇಡಂ, ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿಬಿಡಿ. ಸುಸ್ತು, ಕೂದಲು ಉದುರುವುದು ಇದ್ದರಂತೂ ತಡಮಾಡಬೇಡಿ. ಶುಗರ್ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ ಆಮೇಲೆ ಊಟ ಬದಲಿಸಿ. ರಾತ್ರಿಯ ಮುದ್ದೆ, ಸೊಪ್ಪಿನ ಸಾರು ಚೆನ್ನಾಗಿದೆ. ಸಾರಿಗೆ ಒಂದು ಹಿಡಿ ಕಾಳು ಸೇರಿಸಿ. ನಡಿಗೆ ಮಾತ್ರ ಬಿಡಬೇಡಿ, ಅದರಿಂದ ಮಂಡಿಗೂ ಒಳ್ಳೆಯದು.

ಹಾಸನದ ಟೈಲರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರೈಟರ್ ಅಣ್ಣ, ನಿಮ್ಮ ಬರಹವನ್ನು ಮನೆಯವರಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋಗಿ ದಿನಸಿ ಚೀಟಿ ತಂದರು. ನಾವು ಮೂರು ಜನ, ತಿಂಗಳಿಗೆ 4 ಕೆ.ಜಿ. ಸಕ್ಕರೆ. ತಲೆಗೆ 44 ಗ್ರಾಂ. ಅಂಗಡಿಯಲ್ಲಿ ಕುಡಿಯುವ ಮೂರು ಟೀ ಇದರ ಮೇಲೆ.

ಪಕ್ಕದ ಟೀ ಅಂಗಡಿಯ ಹುಡುಗನಿಗೆ ಸಕ್ಕರೆ ಕಮ್ಮಿ ಹಾಕಪ್ಪ ಅಂದೆ. "ಪಾತ್ರೆಗೇ ಹಾಕಿ ಕುದಿಸುತ್ತೇವೆ ಅಕ್ಕ, ಬೇರೆ ಮಾಡಕ್ಕಾಗಲ್ಲ" ಅಂದ. ಅವನ ಮಾತೂ ನಿಜ. ಅದಕ್ಕೆ ನಿನ್ನೆಯಿಂದ ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತಿದ್ದೇನೆ. ಗಿರಾಕಿಗೂ ಅದರಲ್ಲೇ ಅರ್ಧ ಲೋಟ. ಥೈರಾಯ್ಡ್‌ಗೆ ಸೋಮವಾರ ರಕ್ತ ಕೊಡುತ್ತೇನೆ.

ಇವತ್ತು ಹೊಸ ಪ್ಯಾಕೆಟ್ ಒಡೆದು, ಡಬ್ಬಕ್ಕೆ ಸುರಿದು, ಮುಚ್ಚಳದ ಮೇಲೆ ಟೈಲರ್ ಚಾಕಿನಿಂದ ತಾರೀಕು ಬರೆದಿದ್ದೇನೆ. ಖಾಲಿಯಾದ ದಿನ ಟೇಪು ಹಿಡಿದು ಇಲ್ಲಿಗೇ ಬಂದು ಬರೆಯುತ್ತೇನೆ.